ಗಾಳಿ ಬಂದಾಗ ತೂರಿಕೋ: ಡೀಸೆಲ್ ಎಂಜಿನ್ನಿನ ಚರಿತ್ರೆಯಿಂದ ಒಂದು ಪಾಠ

ಸರಿಯಾಗಿ ಕಲಿಸಿದ ಪಾಠಗಳು ಶಿಕ್ಷಕನಿಗೆ ಮರೆತುಹೋಗುತ್ತವೆ. ಅವಸರದಲ್ಲಿ ಕೊಟ್ಟ ಉತ್ತರಗಳು ಮಾತ್ರ ಮುಳ್ಳಿನಂತೆ ಉಳಿದುಕೊಳ್ಳುತ್ತವೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿ ನಿವೃತ್ತನಾದ ನನ್ನಲ್ಲೂ ಅಂತಹ ಒಂದು ಮುಳ್ಳು ನನಗೆ ತಿಳಿಯದಂತೆಯೇ ಉಳಿದಿತ್ತು. ಇತ್ತೀಚೆಗೆ ಅದು ನೋಯಿಸಿದ್ದರಿಂದ ಈ ಬರಹ.

1990ರ ದಶಕದಲ್ಲಿ ನಾನು ಕೆಲಸ ಮಾಡುತ್ತಿದ್ದ ಶಾಲೆ, ಶಿರಾಡಿ ಘಾಟಿಯನ್ನು ಹತ್ತಿ ಬರುವ ಮಂಗಳೂರು-ಬೆಂಗಳೂರು ಹೆದ್ದಾರಿಗೆ ತಾಗಿಕೊಂಡೇ ಇತ್ತು. ಮಂಗಳೂರಿನ ಕಡೆಯಿಂದ ಗೊಬ್ಬರ, ಎಣ್ಣೆ, ಮರ ಹೊತ್ತ ಲಾರಿಗಳು ಏದುಸಿರು ಬಿಡುತ್ತ ಹಗಲಿರುಳೂ ಹತ್ತಿ ಬರುತ್ತಿದ್ದವು. ಅವು ಉಗುಳುತ್ತಿದ್ದ ಕಪ್ಪು ಹೊಗೆ ನಮ್ಮ ಕಿಟಕಿಗಳಿಂದ ಒಳಗೆ ಬಂದು ಮಕ್ಕಳ ಪುಸ್ತಕಗಳ ಮೇಲೆ ಕೂರುತ್ತಿತ್ತು. 1993ರಲ್ಲಿ ಒಂಬತ್ತನೆಯ ತರಗತಿಗೆ ದಹನಕ್ರಿಯೆಯ ಪಾಠ ಮಾಡುತ್ತಿದ್ದಾಗ, ಲಾರಿ ಚಾಲಕರೊಬ್ಬರ ಮಗ ಎದ್ದು ನಿಂತು ಕೇಳಿದ: "ಸಾರ್, ಹೊಗೆ ಜಾಸ್ತಿ ಬಿಟ್ರೆ ಗಾಡಿ ಜಾಸ್ತಿ ಎಳೆಯುತ್ತಂತೆ. ನಮ್ಮಪ್ಪ ಹೇಳ್ತಾರೆ. ನಿಜವಾ ಸಾರ್?"

ಗಂಟೆ ಹೊಡೆಯಲು ಐದು ನಿಮಿಷ ಉಳಿದಿತ್ತು. ಪಾಠ ಮುಗಿಸುವ ಆತುರ ನನಗೆ. "ಹೌದು ಕಣೋ, ಹೆಚ್ಚು ಇಂಧನ ಉರಿದರೆ ಹೆಚ್ಚು ಶಕ್ತಿ. ಕೂತ್ಕೋ" ಎಂದುಬಿಟ್ಟೆ. ಹುಡುಗ ಸಂತೋಷದಿಂದ ಕುಳಿತ. ಮೇಷ್ಟ್ರೂ ಅಪ್ಪನೂ ಒಂದೇ ಮಾತು ಹೇಳಿದ ಮೇಲೆ ಇನ್ನೇನು ಬೇಕು?

ಕಳೆದ ತಿಂಗಳು ಮದುವೆಯೊಂದರ ನಿಮಿತ್ತ ಹಾಸನಕ್ಕೆ ಹೋಗಿದ್ದೆ. ಛತ್ರದ ಊಟದ ಪಂಕ್ತಿಯಲ್ಲಿ ನಲವತ್ತು ದಾಟಿದ ಒಬ್ಬ ಗೃಹಸ್ಥ ಕಾಲಿಗೆ ನಮಸ್ಕರಿಸಿ ಹೆಸರು ಹೇಳಿದಾಗ ಆ ಹುಡುಗನೇ ಎಂದು ಗುರುತಾಯಿತು. ಈಗ ಅವನದು ಡೀಸೆಲ್ ಪಂಪುಗಳನ್ನು ರಿಪೇರಿ ಮಾಡುವ ಸ್ವಂತ ವರ್ಕ್‌ಶಾಪು. "ಬನ್ನಿ ಸಾರ್, ಒಂದು ಕಾಫಿ ಕುಡಿದು ಹೋಗೋರಂತೆ" ಎಂದು ಒತ್ತಾಯದಿಂದ ಕರೆದೊಯ್ದ. ಅಲ್ಲಿ ಕಂಡದ್ದನ್ನೂ, ಆಮೇಲೆ ನಾನು ಓದಿ ತಿಳಿದುಕೊಂಡ ಚರಿತ್ರೆಯನ್ನೂ ಒಟ್ಟಿಗೆ ಇಲ್ಲಿ ಹೇಳುತ್ತೇನೆ. ಯಂತ್ರದ ವಿಷಯವೆಂದು ಓದುಗರು ಬೇಸರಿಸಬಾರದು. ಇದರ ಮೂಲತತ್ತ್ವ ನಮ್ಮ ಅಡುಗೆಮನೆಯಲ್ಲೇ ಇದೆ.

ಒಲೆ ಮತ್ತು ಊದುಗೊಳವೆ

ನನ್ನ ತಾಯಿ ಸೌದೆ ಒಲೆಯ ಮುಂದೆ ಕುಳಿತಿದ್ದ ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ಉರಿ ಸಣ್ಣಗಾದಾಗ ಅವಸರದ ಸೊಸೆ ಇನ್ನೆರಡು ಸೌದೆ ತುರುಕುತ್ತಾಳೆ, ಅಡುಗೆಮನೆಯೆಲ್ಲ ಹೊಗೆಯಾಗುತ್ತದೆ. ಅನುಭವಸ್ಥೆಯಾದ ಅತ್ತೆ ಊದುಗೊಳವೆ ಎತ್ತಿಕೊಂಡು ಊದುತ್ತಾಳೆ; ಅದೇ ಸೌದೆ ಭುಗ್ಗೆಂದು ಉರಿಯುತ್ತದೆ. ಹೊಗೆಯೆಂದರೆ ಗಾಳಿ ಸಾಲದೆ ಅರ್ಧ ಉರಿದ ಸೌದೆ. ಡೀಸೆಲ್ ಎಂಜಿನ್ನಿನ ಚರಿತ್ರೆಯನ್ನೆಲ್ಲ ಈ ಸೌದೆ ಮತ್ತು ಊದುಗೊಳವೆಗಳ ನಡುವಿನ ಹೊಂದಾಣಿಕೆಯ ಕಥೆಯೆಂದರೆ ತಪ್ಪಾಗಲಾರದು.

ಲೆಕ್ಕ ನೋಡೋಣ. ಒಂದು ಕಿಲೋಗ್ರಾಂ ಡೀಸೆಲ್ ಪೂರ್ತಿಯಾಗಿ ಉರಿಯಲು ಸುಮಾರು 14.5 ಕಿಲೋಗ್ರಾಂ ಗಾಳಿ ಬೇಕು. ಅಂದರೆ ಒಂದು ಲೀಟರ್ ಡೀಸೆಲ್ಲಿಗೆ ಸುಮಾರು ಹತ್ತು ಸಾವಿರ ಲೀಟರ್ ಗಾಳಿ! ಇದು ಪುಸ್ತಕದ ಲೆಕ್ಕ. ಸಿಲಿಂಡರಿನೊಳಗೆ ಎಣ್ಣೆಯೂ ಗಾಳಿಯೂ ಬೆರೆಯಲು ಸಿಗುವ ಸಮಯ ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಕಡಿಮೆಯಾದ್ದರಿಂದ, ಹೊಗೆಯಿಲ್ಲದೆ ಉರಿಯಬೇಕಾದರೆ ಇದಕ್ಕಿಂತ ಗಣನೀಯವಾಗಿ ಹೆಚ್ಚು ಗಾಳಿ ಬೇಕಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ನಾವು ಆಕ್ಸಿಲರೇಟರ್ ಒತ್ತಿದಾಗ ಗಾಳಿಯ ಬಾಗಿಲು ತೆರೆಯುತ್ತದೆ, ಎಣ್ಣೆ ಅದನ್ನು ಹಿಂಬಾಲಿಸುತ್ತದೆ. ಹಳೆಯ ಡೀಸೆಲ್ಲಿನಲ್ಲಿ ಅಂತಹ ಬಾಗಿಲೇ ಇಲ್ಲ. ಒಳಗೆ ಹಿಡಿಸುವಷ್ಟು ಗಾಳಿ ಯಾವಾಗಲೂ ಬರುತ್ತದೆ. ಚಾಲಕನ ಕಾಲು ನಿಯಂತ್ರಿಸುವುದು ಎಣ್ಣೆಯನ್ನು ಮಾತ್ರ. ಎಣ್ಣೆಯ ತಿರುಪನ್ನು ಒಂದು ಸುತ್ತು ತಿರುಗಿಸುವುದು ಸುಲಭ. ಗಾಳಿಯನ್ನು ಒಂದು ಹಿಡಿ ಹೆಚ್ಚಿಸುವುದು ಕಷ್ಟ.

ಆಗ್ಸ್‌ಬರ್ಗಿನಿಂದ ವಿಂಟರ್‌ಥರ್‌ವರೆಗೆ

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್ಸಿನಲ್ಲಿ. ಅವನ ಎಂಜಿನ್ನು ನಂಬಿಕೆಗೆ ಅರ್ಹವಾದ ರೂಪ ಪಡೆದದ್ದು 1897ರಲ್ಲಿ, ಜರ್ಮನಿಯ ಆಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ. ಪ್ರೊಫೆಸರ್ ಮೋರಿಟ್ಸ್ ಶ್ರೋಟರ್ ನಡೆಸಿದ ಪರೀಕ್ಷೆಯಲ್ಲಿ ಅದರ ದಕ್ಷತೆ ಶೇಕಡಾ 26.2 ಎಂದು ದಾಖಲಾಯಿತು. ಅಂದಿನ ಉಗಿಯಂತ್ರಗಳಿಗೆ ಅದು ಕನಸಿನ ಮಾತು. ಆದರೆ ಎಣ್ಣೆಯನ್ನು ಅಷ್ಟು ಒತ್ತಡದ ಸಿಲಿಂಡರಿನೊಳಗೆ ಅಳೆದು ಚಿಮ್ಮಿಸುವ ಪಂಪು ಅವನ ಬಳಿ ಇರಲಿಲ್ಲ. ಆದುದರಿಂದ ಒಂದು ದೊಡ್ಡ ಕಂಪ್ರೆಸರಿನಿಂದ ಗಾಳಿಯನ್ನು ಒತ್ತಿ, ಆ ಗಾಳಿಯ ರಭಸದಿಂದಲೇ ಎಣ್ಣೆಯನ್ನು ಒಳಗೆ ಊದಿಸುತ್ತಿದ್ದ. ಯಂತ್ರ ಕಾರ್ಖಾನೆಗೂ ಹಡಗಿಗೂ ಒಗ್ಗಿತು. ರಸ್ತೆಯ ಮೇಲೆ ಓಡಲು ಅದು ಬಹಳ ಭಾರ. 1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಡೀಸೆಲ್ ಕಾಣೆಯಾದ. ತನ್ನ ಎಂಜಿನ್ನು ಲಾರಿಗಳಿಗೆ ಜೀವವಾಗುವುದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ.

ಡೀಸೆಲ್ ಬದುಕಿದ್ದಾಗಲೇ ಸ್ವಿಟ್ಸರ್ಲೆಂಡಿನ ವಿಂಟರ್‌ಥರ್ ಪಟ್ಟಣದ ತರುಣ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ (1879-1959) ಬೇರೊಂದು ಲೆಕ್ಕ ಹಾಕುತ್ತಿದ್ದ. ಎಂಜಿನ್ನಿನಲ್ಲಿ ಉರಿದ ಎಣ್ಣೆಯ ಶಾಖದ ಬಹುಪಾಲು ಹೊಗೆಕೊಳವೆಯಿಂದಲೂ ತಂಪುಗೊಳಿಸುವ ನೀರಿನಿಂದಲೂ ವ್ಯರ್ಥವಾಗಿ ಹೊರಗೆ ಹೋಗುತ್ತದೆ. ಆ ಹೊರಹೋಗುವ ಬಿಸಿ ಅನಿಲದಿಂದಲೇ ಒಂದು ಗಾಳಿಚಕ್ರವನ್ನು ತಿರುಗಿಸಿ, ಅದೇ ಅಚ್ಚಿಗೆ ಇನ್ನೊಂದು ಚಕ್ರ ಜೋಡಿಸಿ, ಹೊಸ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬಿದರೆ ಹೇಗೆ? 1905ರಲ್ಲಿ ಈ ಕಲ್ಪನೆಗೆ ಪೇಟೆಂಟ್ ಪಡೆದ. ಇದೇ ಇಂದು ನಾವು ಟರ್ಬೊ ಎನ್ನುವ ಸಾಧನದ ಜನ್ಮ. ಹೊರಹೋಗುವ ಉಸಿರಿನಿಂದಲೇ ಒಳಗೆ ಊದುವ ಊದುಗೊಳವೆ!

ಕಲ್ಪನೆ ಕಾರ್ಯವಾಗಲು ಇಪ್ಪತ್ತು ವರ್ಷ ಹಿಡಿಯಿತು. ಕೆಂಪಗೆ ಕಾಯುವ ಅನಿಲದಲ್ಲಿ ಅತಿವೇಗದಿಂದ ತಿರುಗಿದರೂ ಕೆಡದ ಲೋಹ, ಅಂತಹ ವೇಗ ತಡೆಯುವ ಬೇರಿಂಗು, ಯಾವುದೂ ಆಗ ಇರಲಿಲ್ಲ. 1925ರಲ್ಲಿ ಬ್ಯೂಖಿ ಪ್ರಯೋಗದಲ್ಲಿ ಗೆದ್ದು, ಎಂಜಿನ್ನಿನ ಶಕ್ತಿಯನ್ನು ಶೇಕಡಾ ನಲವತ್ತರಷ್ಟು ಏರಿಸಿ ತೋರಿಸಿದ. ಮರುವರ್ಷ ಜರ್ಮನಿಯ 'ಪ್ರಾಯ್ಸನ್' ಮತ್ತು 'ಹಾನ್ಸೆಷ್ಟಾಟ್ ಡಾನ್‌ಜಿಗ್' ಎಂಬ ಎರಡು ಪ್ರಯಾಣಿಕ ಹಡಗುಗಳ ಎಂಜಿನ್ನುಗಳಲ್ಲಿ ಅದು ನೆಲೆಗೊಂಡಿತು. 1,750 ಅಶ್ವಶಕ್ತಿಯ ಎಂಜಿನ್ನು 2,500 ಅಶ್ವಶಕ್ತಿಯದಾಯಿತು.

ಗಾಳಿಯ ಬೆಲೆ ಏನೆಂಬುದನ್ನು ಈ ನಡುವೆ ಅಮೆರಿಕದ ಒಂದು ಬೆಟ್ಟವೂ ತೋರಿಸಿಕೊಟ್ಟಿತ್ತು. 1918ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫೋರ್ಡ್ ಮಾಸ್ ಎಂಬ ಎಂಜಿನಿಯರ್ ವಿಮಾನದ ಎಂಜಿನ್ನೊಂದನ್ನು ಕೊಲರಾಡೋದ ಪೈಕ್ಸ್ ಪೀಕ್ ಶಿಖರಕ್ಕೆ, ಸುಮಾರು 4,300 ಮೀಟರ್ ಎತ್ತರಕ್ಕೆ, ಕೊಂಡೊಯ್ದ. ಅದು ಪೆಟ್ರೋಲ್ ಎಂಜಿನ್ನು; ಆದರೆ ತತ್ತ್ವ ಒಂದೇ. ಸಮುದ್ರಮಟ್ಟದಲ್ಲಿ 350 ಅಶ್ವಶಕ್ತಿಯಷ್ಟು ಕೊಡುತ್ತಿದ್ದ ಎಂಜಿನ್ನು ಆ ತೆಳುಗಾಳಿಯಲ್ಲಿ 230ಕ್ಕೆ ಕುಸಿಯಿತು. ಟರ್ಬೊ ಜೋಡಿಸಿದಾಗ 356ಕ್ಕೆ ಏರಿತು. ಕುಂದಿದ್ದ ಶಕ್ತಿಯನ್ನು ಹಿಂದಿರುಗಿಸಿದ್ದು ಗಾಳಿ.

ಎಣ್ಣೆ ಅಳೆಯುವ ಕೈ

ಊದುಗೊಳವೆ ಸಿದ್ಧವಾಯಿತು. ಸೌದೆಯನ್ನು ಅಳೆದು ಇಡುವ ಕೈ? ಅದನ್ನು ಕೊಟ್ಟವನು ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್. 1922ರಲ್ಲಿ ಆರಂಭಿಸಿದ ಪ್ರಯತ್ನದ ಫಲವಾಗಿ 1927ರಲ್ಲಿ ಅವನ ಕಾರ್ಖಾನೆಯಿಂದ ಡೀಸೆಲ್ ಪಂಪು ಸರಣಿಯಾಗಿ ತಯಾರಾಗತೊಡಗಿತು. ಒಂದೊಂದು ಸಿಲಿಂಡರಿಗೆ ಒಂದೊಂದು ಉಕ್ಕಿನ ಪ್ಲಂಜರ್. ಅದರ ಮೈಮೇಲೆ ಓರೆಯಾಗಿ ಕೊರೆದ ಒಂದು ಗಾಡಿ. ಹಲ್ಲುಪಟ್ಟಿಯೊಂದು ಸರಿದಾಗ ಎಲ್ಲ ಪ್ಲಂಜರುಗಳೂ ಒಟ್ಟಿಗೆ ತುಸು ತಿರುಗುತ್ತವೆ. ತಿರುಗಿದಷ್ಟಕ್ಕೆ ಚಿಮ್ಮುವ ಎಣ್ಣೆಯ ಪ್ರಮಾಣ ಹೆಚ್ಚುತ್ತದೆ ಅಥವಾ ತಗ್ಗುತ್ತದೆ. ಪ್ಲಂಜರಿಗೂ ಅದರ ಗೂಡಿಗೂ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗ. ತಲೆಗೂದಲು ಇದಕ್ಕಿಂತ ಎಷ್ಟೋ ಪಟ್ಟು ದಪ್ಪ. ಹಲ್ಲುಪಟ್ಟಿ ಎಷ್ಟು ದೂರ ಸರಿಯಬಹುದು ಎಂಬುದಕ್ಕೆ ಒಂದು ತಡೆ ಇದೆ. ಆ ತಡೆಯನ್ನು ನಿಗದಿಪಡಿಸುವ ತಿರುಪಿದೆ. ಕಾರ್ಖಾನೆಯವರು ಅದನ್ನು ಹೊಂದಿಸಿ ಸೀಸದ ಮುದ್ರೆ ಒತ್ತಿ ಕಳುಹಿಸುತ್ತಾರೆ.

ಬೆಂಗಳೂರಿನವರಿಗೆ ಈ ಪಂಪು ಪರಕೀಯವಲ್ಲ. 1951ರಲ್ಲಿ ಬಾಷ್ ಸಹಯೋಗದೊಂದಿಗೆ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ 'ಮೈಕೋ', ಆಡುಗೋಡಿಯ ಕಾರ್ಖಾನೆಯಲ್ಲಿ ಇಂಥವನ್ನು ದಶಕಗಳ ಕಾಲ ತಯಾರಿಸಿತು. ಎಷ್ಟೋ ಮನೆಗಳ ಒಲೆ ಉರಿದದ್ದು ಆ ಕೆಲಸದಿಂದ. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾದರೂ, ಲಾರಿಯವರ ಬಾಯಲ್ಲಿ 'ಮೈಕೋ ಪಂಪು' ಎಂಬ ಮಾತು ಹಾಗೆಯೇ ಉಳಿದಿದೆ.

ಇಂಡಿಯಾನಾಪೊಲಿಸ್ಸಿನ ಎಪ್ಪತ್ತೊಂದನೆಯ ಸುತ್ತು

ಟರ್ಬೊ ಹಡಗಿನಿಂದ ಲಾರಿಗೆ ಇಳಿಯಲು ಮತ್ತಷ್ಟು ಕಾಲ ಬೇಕಾಯಿತು. ಸ್ವಿಟ್ಸರ್ಲೆಂಡಿನ ಸಾವುರರ್ ಕಂಪನಿ 1938ರಲ್ಲಿ ಲಾರಿಗೆ ಟರ್ಬೊ ಎಂಜಿನ್ನು ಮಾಡಿತು. 1954ರಲ್ಲಿ ಸ್ವೀಡನ್ನಿನ ವೋಲ್ವೊ ತನ್ನ ಟೈಟನ್ ಲಾರಿಯ ಶಕ್ತಿಯನ್ನು ಟರ್ಬೊದಿಂದ 150ರಿಂದ 185 ಅಶ್ವಶಕ್ತಿಗೆ ಏರಿಸಿತು. ಇವೆರಡರ ನಡುವೆ ಅಮೆರಿಕದಲ್ಲಿ ನಡೆದ ಒಂದು ಘಟನೆ ನನಗೆ ಬಹಳ ಹಿಡಿಸಿತು.

1952ರ ಇಂಡಿಯಾನಾಪೊಲಿಸ್ 500 ಮೈಲಿಗಳ ಪಂದ್ಯಕ್ಕೆ ಕಮಿನ್ಸ್ ಕಂಪನಿ ಒಂದು ಡೀಸೆಲ್ ಕಾರನ್ನು ತಂದಿತು. ಲಾರಿಯ 6.6 ಲೀಟರ್ ಎಂಜಿನ್ನನ್ನು ಮಗ್ಗುಲಿಗೆ ಮಲಗಿಸಿ ಕೂರಿಸಿದ, ಟರ್ಬೊ ಜೋಡಿಸಿದ ಕಾರು. ಪೆಟ್ರೋಲ್ ಕಾರಿನವರು ನಕ್ಕಿರಬೇಕು. ಆದರೆ ಅರ್ಹತಾ ಸುತ್ತಿನಲ್ಲಿ ಚಾಲಕ ಫ್ರೆಡ್ ಅಗಬಾಷಿಯನ್ ಗಂಟೆಗೆ 138 ಮೈಲಿ ವೇಗದಲ್ಲಿ ಓಡಿಸಿ ಎಲ್ಲರಿಗಿಂತ ಮುಂದಿನ ಸ್ಥಾನ ಪಡೆದುಬಿಟ್ಟ. ಪಂದ್ಯದ ದಿನ ಏನಾಯಿತು? ಟರ್ಬೊ ಗಾಳಿ ಎಳೆದುಕೊಳ್ಳುವ ಬಾಯಿ ಕಾರಿನ ಮುಂಭಾಗದಲ್ಲಿ, ನೆಲಕ್ಕೆ ಸಮೀಪವಾಗಿತ್ತು. ಮುಂದಿನ ಕಾರುಗಳ ಟಯರಿನಿಂದ ಸವೆದು ಹಾರಿದ ರಬ್ಬರಿನ ಚೂರುಗಳನ್ನೆಲ್ಲ ಅದು ನುಂಗಿತು. ಗಾಳಿಯ ದಾರಿ ಕಟ್ಟಿಕೊಂಡಿತು. ಇನ್ನೂರು ಸುತ್ತುಗಳ ಪಂದ್ಯದಲ್ಲಿ ಎಪ್ಪತ್ತೊಂದನೆಯ ಸುತ್ತಿಗೆ ಕಾರು ಹೊರಬಿದ್ದಿತು.

ಟ್ಯಾಂಕಿನಲ್ಲಿ ಎಣ್ಣೆ ಇತ್ತು, ಪಂಪು ಸರಿಯಿತ್ತು, ಚಾಲಕ ನಿಪುಣನಿದ್ದ. ಇಲ್ಲವಾದದ್ದು ಗಾಳಿ. ಒಂಬತ್ತನೆಯ ತರಗತಿಯ ಆ ಪ್ರಶ್ನೆಗೆ ಉತ್ತರವಾಗಿ ಈ ಕಥೆಯೊಂದನ್ನು ಹೇಳಿದ್ದರೆ ಸಾಕಿತ್ತಲ್ಲ ಎಂದು ಈಗ ಅನಿಸುತ್ತದೆ.

ಕಾಯುವುದನ್ನು ಕಲಿತ ಪಂಪು

ಟರ್ಬೊದಲ್ಲಿ ಒಂದು ತೊಡಕಿದೆ. ಅದು ತಿರುಗುವುದು ಹೊರಹೋಗುವ ಬಿಸಿ ಅನಿಲದಿಂದ. ಎಣ್ಣೆ ಹೆಚ್ಚಿದರೆ ಅನಿಲ ಹೆಚ್ಚುತ್ತದೆ, ಅನಿಲ ಹೆಚ್ಚಿದರೆ ಚಕ್ರದ ವೇಗ ಹೆಚ್ಚುತ್ತದೆ, ಆಗ ಗಾಳಿ ಹೆಚ್ಚುತ್ತದೆ. ಈ ಮೂರು ಹೆಜ್ಜೆ ಇಡಲು ಸ್ವಲ್ಪ ಹೊತ್ತು ಬೇಕು. ಚಾಲಕ ಕಾಲು ಒತ್ತಿದ ಕೂಡಲೇ ಎಣ್ಣೆ ಬಂದುಬಿಡುತ್ತದೆ. ಗಾಳಿ ಹಿಂದೆ ಉಳಿಯುತ್ತದೆ. ಆ ನಡುವಿನ ಹೊತ್ತಿನಲ್ಲಿ ಭುಸ್ಸೆಂದು ಕಪ್ಪು ಹೊಗೆ.

ಇದಕ್ಕೆ ಕಂಡುಕೊಂಡ ಉಪಾಯ ಸರಳ, ಸುಂದರ. ಪಂಪಿನ ಮೇಲೆ ಒಂದು ಪುಟ್ಟ ಡಬ್ಬಿ. ಅದರೊಳಗೆ ರಬ್ಬರಿನ ಪೊರೆ, ಪೊರೆಯ ಕೆಳಗೆ ಸ್ಪ್ರಿಂಗು. ಟರ್ಬೊ ಒತ್ತಿದ ಗಾಳಿಯ ಒಂದು ಸಣ್ಣ ಕವಲು ಈ ಡಬ್ಬಿಗೆ ಬರುತ್ತದೆ. ಗಾಳಿಯ ಒತ್ತಡ ಸ್ಪ್ರಿಂಗನ್ನು ಸೋಲಿಸಿ ಪೊರೆಯನ್ನು ತಗ್ಗಿಸಿದಾಗ ಮಾತ್ರ ಹಲ್ಲುಪಟ್ಟಿಯ ತಡೆ ಸರಿದು ಹೆಚ್ಚಿನ ಎಣ್ಣೆಗೆ ದಾರಿ ಬಿಡುತ್ತದೆ. ಜರ್ಮನ್ ಹೆಸರಿನ ಮೊದಲಕ್ಷರಗಳಿಂದ ಇದನ್ನು ಎಲ್.ಡಿ.ಎ. ಎನ್ನುತ್ತಾರೆ. ನಮ್ಮ ಹಿರಿಯರು ಕಣದಲ್ಲಿ ರಾಶಿ ಮುಂದಿಟ್ಟುಕೊಂಡು ಗಾಳಿಗಾಗಿ ಕಾಯುತ್ತಿದ್ದರಲ್ಲವೇ? ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಈ ಡಬ್ಬಿ ಅಕ್ಷರಶಃ ಪಾಲಿಸುತ್ತದೆ.

ಸ್ಪ್ರಿಂಗು ಸಡಿಲವಾದರೆ ಎಣ್ಣೆ ಬೇಗ ಬರುತ್ತದೆ, ಹೊಗೆಯೂ ಬರುತ್ತದೆ. ಬಿಗಿಯಾದರೆ ತಡವಾಗಿ ಬರುತ್ತದೆ, ಗಾಡಿ ಮಂದವಾಗುತ್ತದೆ. ಇನ್ನೊಂದು ಕಡೆ ಟರ್ಬೊಕ್ಕೂ ಮಿತಿ ಬೇಕು. ಅದರ ಚಕ್ರ ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಬಲ್ಲದು. ಒತ್ತಡ ಮಿತಿ ದಾಟಿದಾಗ ಅನಿಲವನ್ನು ಚಕ್ರದ ಪಕ್ಕದಿಂದ ಹೊರಗೆ ಬಿಡುವ ಬಾಗಿಲೊಂದನ್ನು ಅನೇಕ ಎಂಜಿನ್ನುಗಳಲ್ಲಿ ಇಟ್ಟಿರುತ್ತಾರೆ. ಅದಕ್ಕೆ ವೇಸ್ಟ್‌ಗೇಟ್ ಎಂದು ಹೆಸರು. ಪ್ರೆಶರ್ ಕುಕ್ಕರಿನ ತೂಕದಂತೆ ಎಂದುಕೊಳ್ಳಿ. ಅದರ ಸರಳನ್ನು ಬಿಗಿಮಾಡಿ ಒತ್ತಡ ಏರಿಸುವವರಿದ್ದಾರೆ. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿಯಾದ ಗಾಳಿ ಹಿಗ್ಗಿ ತೆಳುವಾಗುತ್ತದೆ. ಒತ್ತಿದ ಲಾಭದ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ. ಆದ್ದರಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಂತು. 1976ರಲ್ಲಿ ಇಟಲಿಯ ನಾರ್ಡೊ ಪಥದಲ್ಲಿ ಮರ್ಸಿಡಿಸ್ ಕಂಪನಿಯ ಪ್ರಯೋಗದ ಕಾರೊಂದು, ಸಾಮಾನ್ಯವಾಗಿ 80 ಅಶ್ವಶಕ್ತಿ ಕೊಡುತ್ತಿದ್ದ ಮೂರು ಲೀಟರಿನ ಡೀಸೆಲ್ಲಿನಿಂದ ಟರ್ಬೊ ಮತ್ತು ಇಂಟರ್‌ಕೂಲರ್ ಬಲದಿಂದ 190 ಅಶ್ವಶಕ್ತಿ ತೆಗೆದು, ವೇಗದ ದಾಖಲೆಗಳನ್ನು ಬರೆಯಿತು. ಅಷ್ಟು ಎಣ್ಣೆಯನ್ನು ಉರಿಸುವ ಧೈರ್ಯ ಬಂದದ್ದು ಅಷ್ಟು ತಂಪುಗಾಳಿ ಇದ್ದುದರಿಂದ.

ಶಿರಾಡಿಯಲ್ಲಿ ನಿಂತ ಲಾರಿ

ಈಗ ಶಿಷ್ಯನ ಕಥೆಗೆ ಬರುತ್ತೇನೆ. ನಮ್ಮ ದೇಶದ ಲಾರಿಗಳಿಗೆ ಟರ್ಬೊ ವ್ಯಾಪಕವಾಗಿ ಬಂದದ್ದು 1990ರ ದಶಕದಲ್ಲಿ. 1993ರಲ್ಲಿ ಸ್ಥಾಪನೆಯಾದ ಟಾಟಾ-ಕಮಿನ್ಸ್ ಜಮ್‌ಶೆಡ್‌ಪುರದಲ್ಲಿ ಇಂತಹ ಎಂಜಿನ್ನುಗಳನ್ನು ತಯಾರಿಸತೊಡಗಿತು. 2000ದಲ್ಲಿ ಜಾರಿಗೆ ಬಂದ ಹೊಗೆಯ ಮಾನದಂಡಗಳು ಟರ್ಬೊವನ್ನು ಇನ್ನಷ್ಟು ಬೇಗ ತಂದವು. 2001ರಲ್ಲಿ ಶಿಷ್ಯನ ತಂದೆ, ಜೀವಮಾನವಿಡೀ ಇನ್ನೊಬ್ಬರ ಲಾರಿ ಓಡಿಸಿದವರು, ಸಾಲ ಮಾಡಿ ಒಂದು ಹಳೆಯ ಟರ್ಬೊ ಲಾರಿ ಕೊಂಡರು. ಮಗ ಆಗ ಗ್ಯಾರೇಜೊಂದರಲ್ಲಿ ಕೆಲಸ ಕಲಿಯುತ್ತಿದ್ದ.

ಲಾರಿ ಘಾಟಿಯಲ್ಲಿ ಎಳೆಯುತ್ತಿರಲಿಲ್ಲ. ಮಗ ಒಂದು ಭಾನುವಾರ ಪಂಪಿನ ಸೀಸದ ಮುದ್ರೆ ಒಡೆದು ಎಣ್ಣೆಯ ತಿರುಪನ್ನು ತಿರುಗಿಸಿದ. ಹೊಗೆ ಹೆಚ್ಚಾಯಿತು, ಎಳೆತವೂ ಸ್ವಲ್ಪ ಹೆಚ್ಚಾಯಿತು. ಅಪ್ಪನಿಗೆ ಹಿಗ್ಗು. ಹೊರೆ ಹೊತ್ತು ಶಿರಾಡಿ ಹತ್ತುವಾಗ ಅರ್ಧದಾರಿಯಲ್ಲಿ ಎಂಜಿನ್ನು ನಿಂತಿತು. ಬಿಚ್ಚಿ ನೋಡಿದರೆ ಎರಡು ಪಿಸ್ಟನ್ನುಗಳ ತಲೆ ಕರಗಿ ತೂತಾಗಿತ್ತು.

ಕಾರಣವನ್ನು ಅವನೇ ಹೇಳಿದ: "ಟರ್ಬೊದಿಂದ ಎಂಜಿನ್ನಿಗೆ ಬರೋ ರಬ್ಬರ್ ಹೋಸು ಸೀಳಿತ್ತು ಸಾರ್. ಗಾಳಿ ಸೋರ್ತಿತ್ತು. ಗಾಡಿಗೆ ಗಾಳಿ ಇಲ್ಲ ಅಂತ ನಾನು ಎಣ್ಣೆ ಕೊಟ್ಟೆ." ನಿಧಾನವಾದ ಏರಿನಲ್ಲಿ, ಪೂರ್ಣ ಹೊರೆಯಲ್ಲಿ, ಸಾಲದ ಗಾಳಿಯಲ್ಲಿ ಹೆಚ್ಚಿನ ಎಣ್ಣೆ ಉರಿದರೆ ಹೊರಹೋಗುವ ಅನಿಲದ ಉಷ್ಣತೆ 700 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿ ಏರುತ್ತ ಹೋಗುತ್ತದೆ. ಪಿಸ್ಟನ್ನಿನ ಮುಖ್ಯ ಲೋಹವಾದ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಏರಿನ ಮೇಲೆ ನಿಮಿಷಗಟ್ಟಲೆ ಆ ಶಾಖ ನಿಂತರೆ, ಎಣ್ಣೆಯೂ ನೀರೂ ಪಿಸ್ಟನ್ನನ್ನು ತಣಿಸಿ ಉಳಿಸುವುದಕ್ಕೆ ಮಿತಿಯಿದೆ. ಕಂತು ಕಟ್ಟಲಾಗದೆ ಲಾರಿ ಎರಡು ತಿಂಗಳು ನಿಂತಿತು. ಆ ವರ್ಷ ನಡೆಯಬೇಕಿದ್ದ ತಂಗಿಯ ಮದುವೆ ಮುಂದಕ್ಕೆ ಹೋಯಿತು.

"ನೀವು ಅವತ್ತು ಕ್ಲಾಸಿನಲ್ಲಿ ಹೇಳಿದ್ರಲ್ಲ ಸಾರ್, ಹೆಚ್ಚು ಎಣ್ಣೆ ಹೆಚ್ಚು ಶಕ್ತಿ ಅಂತ, ಅದೇ ತಲೆಯಲ್ಲಿತ್ತು" ಎಂದು ನಗುತ್ತಲೇ ಅಂದ. ಅವನ ದನಿಯಲ್ಲಿ ದೂರು ಇರಲಿಲ್ಲ. ಕಾಫಿ ಲೋಟ ಹಿಡಿದ ನನ್ನ ಕೈ ಮಾತ್ರ ಅಲ್ಲೇ ನಿಂತಿತು.

ಆ ಸೋಲೇ ಅವನನ್ನು ಪಂಪಿನ ಕೆಲಸಕ್ಕೆ ಎಳೆದದ್ದು. ಆಸ್ಪತ್ರೆಯಂತೆ ಚೊಕ್ಕಟವಾದ ಕೋಣೆಯಲ್ಲಿ ಪರೀಕ್ಷಾ ಬೆಂಚು ಇದೆ. ಮೋಟಾರು ಪಂಪನ್ನು ತಿರುಗಿಸುತ್ತದೆ, ಅಳತೆಯ ಗೆರೆ ಕೊರೆದ ಗಾಜಿನ ಕೊಳವೆಗಳಲ್ಲಿ ಪ್ರತಿ ಸಿಲಿಂಡರಿನ ಪಾಲೂ ತುಂಬುತ್ತದೆ, ಎಲ್ಲವೂ ಸಮನಾಗಬೇಕು. ಎಳೆತ ಸಾಲದೆಂದು ಯಾರಾದರೂ ಬಂದರೆ ಅವನು ಮೊದಲು ಪಂಪನ್ನು ಮುಟ್ಟುವುದಿಲ್ಲ. ಏರ್ ಫಿಲ್ಟರ್ ಬಿಚ್ಚುತ್ತಾನೆ. ಟರ್ಬೊದ ಹೋಸು, ಇಂಟರ್‌ಕೂಲರು, ಕ್ಲಿಪ್ಪುಗಳನ್ನು ಸೋರಿಕೆಗಾಗಿ ನೋಡುತ್ತಾನೆ. ಮೀಟರು ಕಟ್ಟಿ ಬೂಸ್ಟ್ ಅಳೆಯುತ್ತಾನೆ. ನಾಜಲ್ಲಿನ ಸಿಂಪರಣೆ, ಎಣ್ಣೆ ಚಿಮ್ಮುವ ಹೊತ್ತು ಸರಿಯಿದೆಯೇ ಎಂದು ಪರೀಕ್ಷಿಸುತ್ತಾನೆ. ಕಡೆಗೆ ಪಂಪನ್ನು ಬೆಂಚಿಗೆ ಏರಿಸಿ ಕಂಪನಿಯ ಪಟ್ಟಿಯಲ್ಲಿರುವ ಅಳತೆಗೆ ಹೊಂದಿಸಿ ಮತ್ತೆ ಮುದ್ರೆ ಒತ್ತುತ್ತಾನೆ. "ಹತ್ತು ಗಾಡಿ ಬಂದ್ರೆ ಏಳಕ್ಕೆ ಗಾಳಿಯದ್ದೇ ರೋಗ ಸಾರ್" ಎಂಬುದು ಅವನ ಅನುಭವದ ಮಾತು.

ತಿರುಪು ಹೋಗಿ ಕಂಪ್ಯೂಟರು ಬಂತು

1997ರಲ್ಲಿ ಆಲ್ಫಾ ರೋಮಿಯೊ 156 ಕಾರಿನೊಂದಿಗೆ ಕಾಮನ್ ರೈಲ್ ವ್ಯವಸ್ಥೆ ಕಾರುಗಳಿಗೆ ಕಾಲಿಟ್ಟ ಮೇಲೆ ತಿರುಪು, ಸ್ಪ್ರಿಂಗುಗಳ ಕಾಲ ಮುಗಿಯುತ್ತ ಬಂತು. ಈಗ ಒಳಬರುವ ಗಾಳಿಯನ್ನು ಸಂವೇದಕಗಳು ಅಳೆಯುತ್ತವೆ. ಎಷ್ಟು ಎಣ್ಣೆ ಎಂಬುದನ್ನು ಕಂಪ್ಯೂಟರು ತೀರ್ಮಾನಿಸುತ್ತದೆ. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಮಾನದಂಡ ಜಾರಿಯಾಗಿದೆ.

ಮನುಷ್ಯನ ಬುದ್ಧಿ ಮಾತ್ರ ಹಾಗೆಯೇ ಇದೆ. ಹಿಂದೆ ತಿರುಪು ತಿರುಗಿಸಿದವನು ಈಗ ಲ್ಯಾಪ್‌ಟಾಪ್ ಜೋಡಿಸಿ ಲೆಕ್ಕ ಬದಲಿಸುತ್ತಾನೆ. ಅಮೆರಿಕದಲ್ಲಿ ಪಿಕಪ್ ವಾಹನಗಳಿಂದ ಬೇಕೆಂದೇ ಕಪ್ಪು ಹೊಗೆ ಉಗುಳಿಸುವುದು ಕೆಲವರಿಗೆ ಮೋಜು. ಒಂದು ದಶಕದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಹೊಗೆ ನಿಯಂತ್ರಣ ಸಾಧನಗಳನ್ನು ಕಿತ್ತುಹಾಕಲಾಗಿದೆ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜು ಮಾಡಿತು. ದೊಡ್ಡವರೂ ಹಿಂದೆ ಬೀಳಲಿಲ್ಲ. ಪರೀಕ್ಷೆಯ ಹೊತ್ತಿಗೆ ಮಾತ್ರ ಶುದ್ಧವಾಗಿ ಉಸಿರಾಡುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಅಳವಡಿಸಿದ್ದು 2015ರಲ್ಲಿ ಬಯಲಾಯಿತು. ನಮ್ಮ ದೇಶದಲ್ಲಿಯೂ ತಯಾರಕರು ನಿಗದಿಪಡಿಸಿದ ಸ್ವರೂಪವನ್ನು ಮನಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿಷೇಧಿಸುತ್ತದೆ.

ಕರಗಿದ ಪಿಸ್ಟನ್ನಿನ ಬೆಲೆಯನ್ನು ಲಾರಿಯ ಮಾಲೀಕ ಕೊಡುತ್ತಾನೆ. ಹೊಗೆಯ ಬೆಲೆಯನ್ನು ಕೊಡುವವರು ರಸ್ತೆಬದಿಯವರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರ ಜೂನ್‌ನಲ್ಲಿ ಡೀಸೆಲ್ ಎಂಜಿನ್ನಿನ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಖಚಿತವಾಗಿ ವರ್ಗೀಕರಿಸಿತು. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ನಮ್ಮ ಶಾಲೆಯ ಕಿಟಕಿಗಳು. ಬೇಸಿಗೆಯಲ್ಲಿ ಸೆಖೆಗೆ ಅವನ್ನು ತೆರೆದಿಡಿ ಎಂದು ಮಕ್ಕಳಿಗೆ ಹೇಳುತ್ತಿದ್ದವನು ನಾನೇ.

ತಡವಾದ ಉತ್ತರ

ಹೊರಡುವ ಮುನ್ನ ಶಿಷ್ಯನನ್ನು ಕೂರಿಸಿಕೊಂಡು ಹೇಳಿದೆ: "ನೋಡಪ್ಪ, ಅವತ್ತು ನಾನು ಹೇಳಿದ್ದು ತಪ್ಪು. ಅರ್ಧ ಉತ್ತರ ಪೂರ್ತಿ ತಪ್ಪಿಗಿಂತ ಕೆಟ್ಟದ್ದು." ಅವನು ಸಂಕೋಚದಿಂದ "ಬಿಡಿ ಸಾರ್" ಎಂದ. ಆದರೂ ಉತ್ತರವನ್ನು ಪೂರ್ತಿ ಮಾಡುವುದು ನನ್ನ ಕರ್ತವ್ಯ. ಆದುದರಿಂದ ಅಂದಿನ ಒಂಬತ್ತನೆಯ ತರಗತಿಯ ಎಲ್ಲ ವಿದ್ಯಾರ್ಥಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಎಣ್ಣೆ ಹೆಚ್ಚಿದರೆ ಶಕ್ತಿ ಹೆಚ್ಚುವುದು ನಿಜ, ಅದನ್ನು ಉರಿಸುವ ಗಾಳಿ ಇರುವವರೆಗೆ. ಗಾಳಿ ಮುಗಿಯುತ್ತ ಬಂದಾಗಲೂ ಎಳೆತ ತುಸು ಹೆಚ್ಚಿದಂತೆ ಕಾಣುತ್ತದೆ. ಮೋಸ ಹೋಗುವುದು ಅಲ್ಲಿಯೇ. ಅದರಾಚೆಗೆ ಹಾಕಿದ ಎಣ್ಣೆಯ ಒಂದು ಪಾಲು ಮಸಿಯಾಗಿ ಹೊರಗೆ ಬರುತ್ತದೆ, ಉಳಿದದ್ದು ಬೇಡದ ಶಾಖವಾಗಿ ಎಂಜಿನ್ನನ್ನೇ ತಿನ್ನುತ್ತದೆ. ಕಪ್ಪು ಹೊಗೆ ಶಕ್ತಿಯ ಗುರುತಲ್ಲ. ದುಡ್ಡು ಕೊಟ್ಟು ಕೊಂಡು ಉರಿಸಲಾಗದೆ ಗಾಳಿಗೆ ತೂರಿದ ಎಣ್ಣೆ ಅದು.

ಬಸ್ಸಿನಲ್ಲಿ ಹಿಂದಿರುಗುವಾಗ ಒಂದು ಹಳೆಯ ಲಾರಿ ಮುಂದೆ ಹೋಗುತ್ತಿತ್ತು. ಏರು ಬಂದಾಗ ಅದರ ಹೊಗೆ ನಮ್ಮ ಕಿಟಕಿಗೆ ಬಡಿಯಿತು. ಪಕ್ಕದ ಸೀಟಿನ ಶಾಲಾ ಬಾಲಕ ಮೂಗು ಮುಚ್ಚಿಕೊಂಡು "ತಾತ, ಆ ಲಾರಿಗೆ ತುಂಬಾ ಪವರ್ ಅಲ್ವಾ?" ಎಂದು ಕೇಳಿದ. ಇಳಿಯುವ ಊರು ಬರಲು ಇನ್ನೂ ಅರ್ಧ ಗಂಟೆಯಿತ್ತು. ಈ ಬಾರಿ ನನಗೆ ಅವಸರವಿರಲಿಲ್ಲ. "ನಿಮ್ಮ ಅಜ್ಜಿ ಸೌದೆ ಒಲೆ ಊದುವುದನ್ನು ನೋಡಿದ್ದೀಯೇನಪ್ಪ?" ಎಂದು ಆರಂಭಿಸಿದೆ.